ಪಾದದವರೆಗೆ ಒಂದು ಕುಬಸ

॥ ಓಂ ನಮಃ ಶಿವಾಯ ॥

ಚನ್ನಗಿರಿ
೧೨-೧೧-೧೯೭೯, ಕಾರ್ತಿಕ ಸೋಮವಾರ

ನನ್ನ ಮಗಳು ಶಿವಗಂಗಳಿಗೆ ನಿನ್ನವ್ವ ಶಂಕ್ರಮ್ಮ ಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಕುಳಿತು ಬರೆಯುವ ಕಾಗದ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನೀನು ಚೆನ್ನಾಗಿಲ್ಲವೆಂದು ನಿನ್ನ ಕಾಗದದಿಂದಲೇ ತಿಳಿಯಿತು, ಆದ್ದರಿಂದ ಕ್ಷೇಮ ಕೇಳುವುದಿಲ್ಲ. ನೇರವಾಗಿ ಹೇಳುತ್ತೇನೆ. ರಾಜೀನಾಮೆ ಕೊಡಬೇಡ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಲಂಗದ ಲಾಡಿ ಬಿಗಿದು ಸೊಂಟದ ಸುತ್ತ ಹುಣ್ಣಾಗಿದೆ, ಸಡಿಲ ಮಾಡಿದರೆ ಸೀರೆ ನಿಲ್ಲುವುದಿಲ್ಲ, ಬಿಳಿಚೋಡಿನಿಂದ ಶಾಲೆಗೆ ಎರಡು ಮೈಲಿ ನಡೆಯುವಾಗ ಕಣ್ಣಲ್ಲಿ ನೀರು ಬರುತ್ತದೆ ಎಂದೆಲ್ಲ ಬರೆದಿದ್ದೀಯ. ಬೋರ್ಡಿನ ಮೇಲೆ ಮಗ್ಗಿ ಬರೆಯಲು ಕೈ ಎತ್ತಿದಾಗ ನಿರಿಗೆ ಕಳಚಿ ಬಿದ್ದು ಮಕ್ಕಳೆಲ್ಲ ನಕ್ಕರಂತೆ. ಅದು ಊರಿಗೆಲ್ಲ ಗೊತ್ತಾಗಿ ನಿಮ್ಮತ್ತೆ ಕಸ್ತೂರಮ್ಮನವರು, “ಬಸುರಿ ಹೆಂಗ್ಸು ಸೀರೆ ಉದುರಿಸ್ಕೊಂಡು ಊರ್ ಮುಂದೆ ಓಡಾಡೋದು ಬ್ಯಾಡ. ಮನ್ಯಾಗೆ ಕುಂತ್ಕೋ. ನಮ್ಮನ್ಯಾಗೆ ಅನ್ನಕ್ಕೇನು ಕಡಿಮೆ ಆಗೇತೇನು?” ಎಂದರಂತೆ. ಅಳಿಯಂದಿರು ಮುರುಗೇಶಪ್ಪನವರೂ ಅವ್ವ ಹೇಳಿದಂಗೆ ಮಾಡು ಎಂದುಬಿಟ್ಟರಂತೆ. ಅಮಾವಾಸ್ಯೆ ಕಳೆದ ಗುರುವಾರ ನಾವು ಕುಬಸ ತೊಡಿಸುವ ಶಾಸ್ತ್ರಕ್ಕೆ ಬರುತ್ತೇವಲ್ಲ, ಅದರ ಮರುದಿನವೇ ರಾಜೀನಾಮೆ ಕೊಡುತ್ತೇನೆಂದು ನೀನು ಬರೆದಿದ್ದೀಯ.

ಹೆರಿಗೆ ರಜೆಗೆ ಇನ್ನು ಏಳು ವಾರವಿದೆ ಎಂದು ಬರೆದವಳೂ ನೀನೇ. ಏಳು ವಾರ ತಡೆಯಲಾರದೆ ಇಡೀ ಜೀವಮಾನದ ಕೆಲಸ ಬಿಡುತ್ತಾರೇನೇ? ನಿನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ. ಈಗ ಬಿಟ್ಟರೆ ಕರೆದು ಕೊಡುವವರು ಯಾರೂ ಇಲ್ಲ. ನಿನಗೆ ತೊಂದರೆ ಕೊಟ್ಟದ್ದು ಲಾಡಿ. ಲಾಡಿಯನ್ನು ಬಿಡಬೇಕು, ಶಾಲೆಯನ್ನಲ್ಲ.

ಅದಕ್ಕೇ ಒಂದು ಬಟ್ಟೆ ಹೊಲಿದಿದ್ದೇನೆ. ಗಾಬರಿಯಾಗಬೇಡ, ಪಟ್ಟಣದ ಹುಡುಗಿಯರು ತೊಡುವ ಮ್ಯಾಕ್ಸಿಯಲ್ಲ. ಅದನ್ನು ತೊಟ್ಟು ನೀನು ಬಿಳಿಚೋಡಿನಲ್ಲಿ ನಡೆಯಲಾರೆ ಎಂದು ನನಗೂ ಗೊತ್ತು. ಇದು ಸೀರೆಯ ಒಳಗೆ ತೊಡುವಂಥದು. ಮೇಲೆ ರವಿಕೆಯ ಹಾಗೆ ಕುಬಸ, ಅದೇ ಕೆಳಗಿಳಿದು ಲಂಗ, ಎರಡೂ ಒಂದೇ ಬಟ್ಟೆ. ಭಾರವೆಲ್ಲ ಹೆಗಲ ಮೇಲೆ, ಸೊಂಟಕ್ಕೆ ಏನೂ ತಾಗುವುದಿಲ್ಲ. ಎದೆಯ ಕೆಳಗೆ ಸುತ್ತಲೂ ಎಂಟು ಗುಂಡಿ ಇವೆ, ನಿಮ್ಮಪ್ಪನ ಹಳೆಯ ಅಂಗಿಗಳಿಂದ ಬಿಚ್ಚಿದವು. ಸೀರೆಯ ಒಳಸುತ್ತಿನ ಅಂಚಿಗೆ ಎಂಟು ಕುಣಿಕೆಯ ಪಟ್ಟಿ ಹೊಲಿದುಕೊಂಡು ಗುಂಡಿಗೆ ಸಿಕ್ಕಿಸಿದರೆ ಮುಗಿಯಿತು. ನೀನು ಕುಳ್ಳಿ, ಸೀರೆಯ ಅಗಲ ಎದೆಯಿಂದ ಪಾದಕ್ಕೆ ಸರಿಯಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಎಂದಿನ ಶಿವಗಂಗಾ ಟೀಚರೇ. ಹೀಗೆ ಭಾರವನ್ನು ಹೆಗಲಿಗೆ ಹಾಕಬೇಕೆಂಬ ಯೋಚನೆ ಹೋದ ಸೋಮವಾರ ಪೂಜೆಗೆ ಕುಳಿತಾಗ ನನಗೆ ಹೊಳೆಯಿತು.

ಮೇಲಿನ ಭಾಗಕ್ಕೆ ನನ್ನ ಹಸಿರು ಇಳಕಲ್ ಸೀರೆ. ಒಡಲೆಲ್ಲ ಪಿಸಿದಿತ್ತು, ಸೆರಗಿನ ಕಡೆ ಗಟ್ಟಿಯಿತ್ತು. ಕೆಳಗಿನ ಘೇರಿಗೆ ನಿಮ್ಮಪ್ಪನ ಎರಡು ಪಂಚೆ, ತೊಳೆದು ತೊಳೆದು ಬೆಣ್ಣೆಯಂತೆ ಮೆತ್ತಗಾಗಿವೆ. ಹೊಸ ಬಟ್ಟೆ ಎಷ್ಟು ದುಡ್ಡು ಕೊಟ್ಟರೂ ಹುಣ್ಣಾದ ಮೈಗೆ ಅಷ್ಟು ಹಿತವಾಗಿರುವುದಿಲ್ಲ. ಬದಿಗಳಲ್ಲಿ ಕಸೆ ಇಟ್ಟಿದ್ದೇನೆ. ಹೊಟ್ಟೆ ಬೆಳೆದಂತೆ ಬಿಚ್ಚುತ್ತಾ ಹೋಗು. ಮುಂದೆ ಮಗುವಿಗೆ ಹಾಲು ಕೊಡಲು ಎದೆಯ ಮೇಲೂ ಗುಂಡಿಪಟ್ಟಿ ಇದೆ.

ಬಿಳಿ ಬಟ್ಟೆಯನ್ನು ಮುತ್ತೈದೆ ಬಸುರಿಗೆ ತೊಡಿಸುವ ಹಾಗಿಲ್ಲವಲ್ಲ. ಬಣ್ಣಕ್ಕೆಂದು ಅಡಿಕೆ ಸುಲಿಯಲು ಹೋಗುವ ದುರುಗಮ್ಮನಿಗೆ ಹೇಳಿ ಅಡಿಕೆ ಬೇಯಿಸಿದ ಚೊಗರನ್ನು ಒಂದು ಕೊಡ ತರಿಸಿದೆ. ಅವಳು ಕೊಡ ಇಳಿಸಿ, “ಶಂಕ್ರಮ್ಮಾರೆ, ಚೊಗರು ಮೆತ್ತಿದ್ ಬಟ್ಟೆ ತೊಳ್ಯಾಕೆ ನಾವ್ ಒದ್ದಾಡ್ತೀವಿ. ನೀವು ಮೆತ್ಕೊಳ್ಳಾಕೇ ಕೇಳ್ತೀರಲ್ರೀ!” ಎಂದು ನಕ್ಕಳು. ನಗಲಿ. ಪಟಿಕ ಹಾಕಿ ಕುದಿಸಿದೆ. ಬಣ್ಣ ಕೆಂಪು ಮಣ್ಣಿನಂತೆ ಚೆನ್ನಾಗಿಯೇ ಹಿಡಿಯಿತು. ಆದರೆ ಒಂದು ಪೆದ್ದತನ ಮಾಡಿದೆ. ಮೊದಲು ಹೊಲಿದು ಆಮೇಲೆ ಬಣ್ಣಕ್ಕೆ ಹಾಕಿಬಿಟ್ಟೆ. ಚೊಗರು ಕುಡಿದು ಬಟ್ಟೆ ತಟ್ಟಿಯಂತೆ ಸೆಡೆದುಕೊಂಡಿತು, ನಾಲ್ಕು ಬೆರಳು ಗಿಡ್ಡವೂ ಆಯಿತು. ಅಂಟವಾಳದಲ್ಲಿ ಮೂರು ಸಲ ಒಗೆದ ಮೇಲೆ ಮೆತ್ತಗಾಯಿತು. ನಿನ್ನ ಅತ್ತಿಗೆ ಅನ್ನಪೂರ್ಣ ಹೊಲಿಗೆ ಬಿಚ್ಚಿ, ಕೆಳಗೆ ಇಳಕಲ್ ಸೀರೆಯ ಅಂಚು ಕೂಡಿಸಿ, ಕೈಮೆಷಿನ್ನಿನಲ್ಲಿ ಮತ್ತೆ ಹೊಲಿದಳು. ಅವಳ ಕೈ ಹೊಲಿಗೆಯಲ್ಲಿ ನನಗಿಂತ ಚೊಕ್ಕ.

ನಿನ್ನ ಅಳತೆ ಇಲ್ಲಿರಲಿಲ್ಲ. ನಾನೇ ಹೊಟ್ಟೆಗೆ ದಿಂಬು ಕಟ್ಟಿಕೊಂಡು ತೊಟ್ಟು ನೋಡಿದೆ. ಆ ಹೊತ್ತಿಗೇ ಅಡಿಕೆ ಮಂಡಿಯಿಂದ ನಿಮ್ಮಪ್ಪ ಊಟಕ್ಕೆ ಬರಬೇಕೇ! ಬಾಗಿಲಲ್ಲೇ ನಿಂತು, “ಏನೇ ಇದು, ಈ ವಯಸ್ಸಿನಾಗೆ!” ಎಂದರು. ದಿಂಬನ್ನು ತೋರಿಸಿದೆ. ಆಗ ಕಣ್ಣು ಕೆಳಗೆ ಹೋಯಿತು. “ಇದು ನನ್ ಪಂಚೆ ಇದ್ದಂಗೈತಲ್ಲ?” ಎಂದರು. ಮೊಮ್ಮಗುವಿಗೆ ಬೇಕಾಗಿತ್ತು ಅಂದೆ. “ಇನ್ನೂ ಹುಟ್ಟೇ ಇಲ್ಲ, ಆಗ್ಲೇ ತಾತನ್ ಪಂಚೆ ಕಿತ್ಕೊಂತಾ? ಮುಂದೆ ಹೆಂಗೋ!” ಎಂದು ನಗುತ್ತಾ ಕೈ ತೊಳೆಯಲು ಹೋದರು.

ದಿಂಬು ಬಿಚ್ಚಲಿಲ್ಲ. ಮೇಲೆ ಸೀರೆ ಸಿಕ್ಕಿಸಿಕೊಂಡು ನಲ್ಲಿಯಿಂದ ಎರಡು ಕೊಡ ನೀರು ತಂದೆ. ಬೀದಿಯವರು ನೋಡಿ ಏನೆಂದುಕೊಂಡರೋ, ಅವರವರ ಬಾಯಿ. ಆಮೇಲೆ ಹಿತ್ತಲ ಗೋಡೆಯ ಮೇಲೆ ಕೈ ಎತ್ತಿ ಇದ್ದಿಲಿನಲ್ಲಿ ಎರಡರ ಮಗ್ಗಿಯಿಂದ ಹತ್ತರ ಮಗ್ಗಿಯವರೆಗೆ ಬರೆದೆ. ಏಳರ ಮಗ್ಗಿ ತಪ್ಪಿತು, ನಿರಿಗೆ ತಪ್ಪಲಿಲ್ಲ.

ಈಗ ನಿಮ್ಮತ್ತೆಯ ಮಾತಿಗೆ ಬರುತ್ತೇನೆ. ಸುಮ್ಮನೆ ಅಂಚೆಯಲ್ಲಿ ಕಳಿಸಿದರೆ ಅವರು ಇದನ್ನು ಟ್ರಂಕಿನ ತಳಕ್ಕೆ ಹಾಕಿಸುತ್ತಾರೆ. ಹಾಗಾಗಿ ಕಳಿಸುತ್ತಿಲ್ಲ. ಗುರುವಾರ ಹರಿವಾಣದಲ್ಲಿ ಅಕ್ಕಿ, ಕೊಬ್ಬರಿ, ಬಾಳೆಹಣ್ಣು, ಹಸಿರು ಬಳೆಯ ನಡುವೆ ಇಟ್ಟುಕೊಂಡು ನಾನೇ ತರುತ್ತೇನೆ. ನಿನ್ನ ಕುಬಸ ಅದೇ. ತವರಿನವರು ತಂದ ಕುಬಸವನ್ನು ಬಸುರಿಗೆ ಆಗಲೇ ತೊಡಿಸಬೇಕು, ಬೇಡವೆನ್ನುವ ಅತ್ತೆಯನ್ನು ನಾನು ಈ ಸೀಮೆಯಲ್ಲಿ ಕಂಡಿಲ್ಲ. ಇಷ್ಟುದ್ದದ ಕುಬಸ ಎಲ್ಲಾದರೂ ಉಂಟೇ ಎಂದು ಕೇಳಿದರೆ, ಉದ್ದ ಎಷ್ಟಿರಬೇಕೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ ಎಂದು ನಾನೂ ಕೇಳುತ್ತೇನೆ. ಹಳೆಯ ಬಟ್ಟೆ ಎಂದಾರು. ಅದಕ್ಕೂ ದಾರಿ ಮಾಡಿದ್ದೇನೆ. ಎದೆಯ ಮೇಲೆ ಹೊಸ ಖಣದ ಒಂದು ತುಂಡು ಕೂಡಿಸಿದ್ದೇನೆ. ಶಾಸ್ತ್ರಕ್ಕೆ ಅಷ್ಟು ಸಾಕು. ಇವತ್ತು ಶಿವನ ಮುಂದಿಟ್ಟು ವಿಭೂತಿ ಹಚ್ಚಿ ತೆಗೆದಿಟ್ಟಿದ್ದೇನೆ. ಮುಂದಿನದು ಅವನ ಇಚ್ಛೆ, ಜೊತೆಗೆ ನನ್ನ ಬಾಯಿ.

ನೀನು ಮಾಡಬೇಕಾದದ್ದು ಇಷ್ಟೆ. ಹುಣ್ಣಿಗೆ ಕೊಬ್ಬರಿ ಎಣ್ಣೆ ಹಚ್ಚು. ಗುರುವಾರದವರೆಗೆ ಲಾಡಿಯನ್ನು ಹೊಟ್ಟೆಯ ಮೇಲೆ ಏರಿಸಿ ಕಟ್ಟಿಕೊಂಡು ಹೇಗಾದರೂ ಶಾಲೆಗೆ ಹೋಗು, ತೀರಾ ಆಗದಿದ್ದರೆ ರಜೆ ಬರೆದು ಕೊಡು. ರಜೆಯೇ ಬೇರೆ, ರಾಜೀನಾಮೆಯೇ ಬೇರೆ. ಅತ್ತೆಗೆ ಎದುರು ಮಾತಾಡಬೇಡ, ಅವರ ಮೇಲೆ ಸಿಟ್ಟೂ ಬೇಡ. ಅವರು ಕೆಟ್ಟವರಲ್ಲ, ಹೆದರಿದ್ದಾರೆ. ರಾಜೀನಾಮೆ ಬರೆದಿಟ್ಟಿದ್ದರೆ ಒಲೆಗೆ ಹಾಕು. ನಿರಿಗೆ ಬಿದ್ದಾಗ ನಕ್ಕ ಮಕ್ಕಳಿಗೆ ಹೊಡೆಯಬೇಡ, ಏಳರ ಮಗ್ಗಿ ಕೇಳು.

ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಹರಸುವ,
ನಿನ್ನ ಅವ್ವ,
ಶಂಕ್ರಮ್ಮ

ತಾ.ಕ.: ತಪ್ಪು ತಿದ್ದಲೆಂದು ಕಾಗದವನ್ನು ಅನ್ನಪೂರ್ಣಳ ಕೈಗೆ ಕೊಟ್ಟೆ. ಅವಳು ಪೂರ್ತಿ ಓದಿ, “ಕಸ್ತೂರಮ್ಮಾರ ಮಾತು ಚೆಂದ ಬರ್ದೀರಿ ಅತ್ತೆ. ಎಲ್ಲೋ ಕೇಳ್ದಂಗೈತೆ” ಎಂದಳು. ಮೂರು ವರ್ಷದ ಹಿಂದೆ ಅವಳು ಬಸುರಿಯಾಗಿದ್ದಾಗ ಬಾಲವಾಡಿ ಕೆಲಸವನ್ನು ತಾನಾಗಿ ಬಿಟ್ಟಳೆಂದು ನಿನಗೆ ಹೇಳಿದ್ದೆ. ನೀನಾಗ ಶಿವಮೊಗ್ಗದಲ್ಲಿ ಟ್ರೇನಿಂಗಿನಲ್ಲಿದ್ದೆ. ಅವಳು ಬಿಡಲಿಲ್ಲ, ನಾನು ಬಿಡಿಸಿದೆ. ಮನ್ಯಾಗೆ ಕುಂತ್ಕೋ, ಅನ್ನಕ್ಕೇನು ಕಡಿಮೆ ಎಂದು ಇದೇ ಮಾತುಗಳನ್ನು ಆಡಿದ್ದೆ. ಭಾರವನ್ನು ಹೆಗಲಿಗೆ ಹಾಕುವ ಯೋಚನೆಯೂ ನನ್ನದಲ್ಲ, ಪೂಜೆಯಲ್ಲಿ ಹೊಳೆದದ್ದೂ ಅಲ್ಲ. ಅವಳು ಆಗಲೇ ಹೇಳಿದ್ದಳು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಶಿವನ ಹೆಸರಿನಲ್ಲಿ ಸುಳ್ಳು ಬರೆದೆ, ಅವನು ಕ್ಷಮಿಸಲಿ. ನಮ್ಮ ಕೇರಿಯಲ್ಲಿ ಹೊಸ ಬಾಲವಾಡಿ ತೆರೆಯುತ್ತಾರಂತೆ, ಅರ್ಜಿ ಹಾಕು, ಮಗಳನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ. ಅವಳು ಮುಖ ಎತ್ತದೆ, “ಬಾಯಿ ಮಾತು ಬ್ಯಾಡ ಅತ್ತೆ, ಬರ್ದು ಕೊಡ್ರಿ” ಎಂದಳು. ಅದಕ್ಕೇ ನಿನ್ನ ಕಾಗದದಲ್ಲೇ ಬರೆಯುತ್ತಿದ್ದೇನೆ, ನೀನೇ ಸಾಕ್ಷಿ. ಸಂಕ್ರಾಂತಿ ಕಳೆದ ಮೇಲೆ ಅನ್ನಪೂರ್ಣ ಕೆಲಸಕ್ಕೆ ಅರ್ಜಿ ಹಾಕುತ್ತಾಳೆ, ನಾನು ಅಡ್ಡ ಬರುವುದಿಲ್ಲ. ನಿಮ್ಮತ್ತೆ ಗುರುವಾರ ಒಪ್ಪದಿದ್ದರೆ ಇಷ್ಟನ್ನೂ ಅವರಿಗೆ ಓದಿ ಹೇಳುತ್ತೇನೆ. ಶಂಕ್ರಮ್ಮ.

ಶಿವಗಂಗಾ, ಓದಿದ್ದೇನೆ. ಸಂಕ್ರಾಂತಿಯವರೆಗೆ ಕಾಯುವುದಿಲ್ಲ, ಅರ್ಜಿ ಇವತ್ತೇ ಬರೆದಿದ್ದೇನೆ. ಕಾಗದವನ್ನೂ ಅದನ್ನೂ ಒಟ್ಟಿಗೇ ಅಂಚೆಗೆ ಹಾಕಲು ಹೊರಟಿದ್ದೇನೆ. ನಿನ್ನ ಅತ್ತಿಗೆ, ಅನ್ನಪೂರ್ಣ.