ದಿಂಬಿನ ಮೂಲೆ

ಅಮ್ಮಾ,

ನೀನು ಬದುಕಿದ್ದಿದ್ದರೆ ಇದನ್ನು ಹೇಳುತ್ತಿರಲಿಲ್ಲ, ನೀನಿಲ್ಲವೆಂದೇ ಬರೆಯುತ್ತಿದ್ದೇನೆ.

ನಿನಗಾದ ಆಪರೇಷನ್ನೇ ನನಗೂ ಆಯಿತು, ಗರ್ಭಕೋಶ ತೆಗೆದರು. ಈಗೆಲ್ಲ ಬೆನ್ನಿನೊಳಗೆ ದಾರದಷ್ಟು ಸಣ್ಣ ಟ್ಯೂಬು ಇಟ್ಟು ಅದರಲ್ಲೇ ನೋವಿನ ಔಷಧಿ ಬಿಡುತ್ತಾರೆ. ಎಪಿಡ್ಯೂರಲ್ ಅಂತೆ. ಹೊಟ್ಟೆ ಕೊಯ್ದದ್ದು ಇನ್ಯಾರದ್ದೋ ಅನ್ನುವಷ್ಟು ಹಾಯಾಗಿದ್ದೆ.

ಪಕ್ಕದ ಮಂಚದ ಹೆಂಗಸಿಗೂ ಇದೇ ಆಪರೇಷನ್. ಬೆನ್ನುಮೂಳೆ ಸೊಟ್ಟಗಿದ್ದುದರಿಂದ ಅವಳಿಗೆ ಟ್ಯೂಬು ಹಾಕಲಾಗಿರಲಿಲ್ಲ. ಅವಳ ನರಳಾಟ ಕೇಳಿ ನನ್ನ ಬಾಯಿ ಸುಮ್ಮನಿರಲಿಲ್ಲ.

"ಮನಸ್ಸು ಗಟ್ಟಿ ಮಾಡ್ಕೊಳ್ಳಿ. ನನ್ನ ನೋಡಿ, ಈಗ್ಲೇ ಎದ್ದು ನಡೀತೀನಿ," ಎಂದೆ. ಒಬ್ಬಳೇ ಏಳಬೇಡ ಎಂದು ನರ್ಸ್ ಹೇಳಿಹೋಗಿದ್ದರೂ ಕಾಲು ಕೆಳಗಿಟ್ಟೆ. ಜೋಮು ಹಿಡಿದ ಕಾಲು ಮಡಚಿಕೊಂಡಿತು. ಹಸಿ ಹೊಲಿಗೆಯ ಆ ಹೆಂಗಸೇ ಹೊರಳಿ ನನ್ನ ತೋಳು ಹಿಡಿದಳು, ನರ್ಸ್ ಬರುವವರೆಗೂ ಬಿಡಲಿಲ್ಲ.

"ಗಟ್ಟಿಯಾಗಿರೋದು ನೀವಲ್ಲ ಅಕ್ಕ, ನಿಮ್ಮ ಬೆನ್ನಲ್ಲಿರೋ ಟ್ಯೂಬು," ಎಂದಳು, ನಗಲೂ ಆಗದೆ ಹೊಟ್ಟೆ ಹಿಡಿದುಕೊಂಡು. ಆಮೇಲೆ ಅವಳ ಕಡೆ ಮುಖ ತಿರುಗಿಸಲಾಗಲಿಲ್ಲ.

ಇವತ್ತು ಟ್ಯೂಬು ತೆಗೆದರು. ಮಾತ್ರೆ ಕೊಟ್ಟರೂ ನೋವು ಬಂತು. ಅವಳಿಗೆ ಕೇಳಿಸಬಾರದೆಂದು ದಿಂಬಿನ ಮೂಲೆ ಕಚ್ಚಿಕೊಂಡೆ. ಬಾಯಿಂದ ತೆಗೆದು ನೋಡಿದರೆ ಬಟ್ಟೆಯಲ್ಲಿ ಹಲ್ಲಿನ ತೂತು.

ನೀನು ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದಾಗ ನಿನ್ನ ದಿಂಬಿನ ಮೂಲೆಯೂ ಹೀಗೇ ಹರಿದಿತ್ತು. ಇಲಿ ಕಡಿದಿದೆಯೆಂದು ನಾನು ನಿನ್ನ ಮಂಚದ ಕೆಳಗೆ ಬೋನು ಇಟ್ಟೆ.

"ಹೂಂ, ಇಲೀನೇ ಇರ್ಬೇಕು," ಎಂದಿದ್ದೆ ನೀನು.