ಬಿಚ್ಚಿದ ತಂತಿ

ಮಾರ್ಚ್ 4

ಒಂಬತ್ತನೇ ಮಾಡ್ಯೂಲ್ ಜೋಡಿಸಿ ಟೆಸ್ಟ್ ಮಾಡಿದ್ದಾಯಿತು. ಚಕ್ರದ ಟ್ರಾಲಿ, ಮೇಲೆ ವಿದ್ಯುತ್ ತುಂಬಿಡುವ ನಾಲ್ಕು ಕೆಪಾಸಿಟರ್. ಒಂದು ಕೆಟ್ಟರೆ ಆ ಟ್ರಾಲಿಯನ್ನಷ್ಟೇ ಎಳೆದರೆ ಸಾಕು, ಇಡೀ ಸಾಲು ಬಿಚ್ಚಬೇಕಿಲ್ಲ. ಈ ಡಿಸೈನಿಗೆ ಜೀವ ತೇಯ್ದಿದ್ದೇನೆ. ಡೈರೆಕ್ಟರ್ ಸಾಹೇಬರ ಕಣ್ಣಿಗೆ ಬಿದ್ದದ್ದು ಮಾತ್ರ ತಂತಿ.

"ಏನಮ್ಮ ಇದು, ಬಟ್ಟೆ ಒಣಹಾಕೋ ಹಗ್ಗದ ಥರ? ನಾಳೆ ಗೆಸ್ಟ್‌ಗಳು ಬರ್ತಾರೆ. ಬಿಚ್ಚಿಸು."

ಡಿಸ್ಚಾರ್ಜ್ ಮಾಡಿಟ್ಟರೂ ಒಳಗೆ ಅಡಗಿದ ಚಾರ್ಜ್ ಮೆಲ್ಲಗೆ ಮೇಲೆ ಬರುತ್ತದೆ, ಅದಕ್ಕೇ ಎರಡು ಟರ್ಮಿನಲ್ ಸೇರಿಸಿ ತಂತಿ ಕಟ್ಟಿಡುವುದು ಎಂದೆ. ನಕ್ಕರು.

"ಸತ್ತಿದ್ದು ಎದ್ದು ಬರುತ್ತೇನಮ್ಮ?"

ಮೈಯೆಲ್ಲ ಉರಿಯಿತು. ಬಿಚ್ಚಿಸಲಿಲ್ಲ.

ಮಾರ್ಚ್ 5, ಬೆಳಿಗ್ಗೆ

ಮಾಡ್ಯೂಲ್ ಹಾಲ್‌ನಲ್ಲಿ, ಷೋಗೆ. ತಂತಿ ಎಳೆದು ನೋಡಿದೆ, ಗಟ್ಟಿ ಇದೆ. ಕಟ್ಟಿದ್ದು ಭಾವ. ಅಕ್ಕನ ಗಂಡನೇ ಲ್ಯಾಬಿನ ಟೆಕ್ನೀಷಿಯನ್ ಆಗಿರುವುದು ಒಂದು ಧೈರ್ಯ.

"ತಲೆ ಕೆಡಿಸ್ಕೋಬೇಡ ತಾಯಿ, ನಾನಿದೀನಲ್ಲ."

ಮಾರ್ಚ್ 9

ಐಸಿಯು ಹೊರಗಿನ ಬೆಂಚು. ಒಳಗೆ ಭಾವ, ಶಾಕ್ ಹೊಡೆದು. ನಿದ್ದೆ ಇಲ್ಲ.

ಗೆಸ್ಟ್‌ಗಳು ಬರುವ ಮುಂಚೆ ಸಾಹೇಬರು ತಾವೇ ತಂತಿ ಬಿಚ್ಚಿ ಕೋಟಿನ ಜೇಬಿಗೆ ಹಾಕಿಕೊಂಡರಂತೆ. ಅವರ ಡ್ರೈವರ್ ನೋಡಿದ್ದಾನೆ. ಅವರೆಲ್ಲ ಹೋದ ಮೇಲೆ ಭಾವ ಟ್ರಾಲಿ ತಳ್ಳಲು ಹಿಂದಿನಿಂದ ಕೈ ಹಾಕಿದ್ದಾರೆ... ತಾವೇ ಕಟ್ಟಿದ ತಂತಿ ಅಲ್ಲೇ ಇದೆ ಎಂಬ ನಂಬಿಕೆಯಲ್ಲಿ.

ಅಕ್ಕ ಅಳುತ್ತಿಲ್ಲ. "ನಿನ್ನ ಮಷೀನಲ್ಲೇನೇ ಆಗಿದ್ದು?" ಅಂದಳು. ಹೂಂ ಅಂದೆ. ಎದ್ದು ಹೋಗಿ ಬೆಂಚಿನ ಆ ತುದಿಯಲ್ಲಿ ಕೂತಳು.

ಮಾರ್ಚ್ 12

ಭಾವ ಉಳಿದರು. ಬಲಗೈ ಹೇಳಕ್ಕಾಗಲ್ಲ ಎಂದರು ಡಾಕ್ಟರ್.

ಸಾಹೇಬರು ವಿಚಾರಣಾ ಕಮಿಟಿಗೆ ಹೇಳಿದ್ದು: "ಡಿಸ್ಚಾರ್ಜ್ ಆಗಿರೋ ಮಾಡ್ಯೂಲ್, ಶಾಕ್ ಎಲ್ಲಿಂದ ಬರ್ಬೇಕು? ಬಿಪಿ ಏರಿ ಬಿದ್ದಿದಾನೆ, ಅಷ್ಟೇ."

ಅಷ್ಟೇ! ಈ ಮನುಷ್ಯನ ನಾಲಿಗೆಗೆ ಎಲುಬಿಲ್ಲ. ಕಾಫಿ ಕಪ್ ಗೋಡೆಗೆ ಎಸೆದೆ. ನನ್ನದೇ ಕಪ್.

ಮಾರ್ಚ್ 14, ಸಂಜೆ

ವಿಚಾರಣೆ. ಬೆಳಿಗ್ಗೆ ಕಮಿಟಿಯ ಎದುರೇ ಅದೇ ಮಾಡ್ಯೂಲ್ ಚಾರ್ಜ್ ಮಾಡಿದೆ, ಡಿಸ್ಚಾರ್ಜ್ ರಾಡ್ ತಗಲಿಸಿ ಪೂರ್ತಿ ಇಳಿಸಿದೆ. ಮೀಟರ್ ಸೊನ್ನೆ. ತಂತಿ ಕಟ್ಟಲಿಲ್ಲ. ಸುತ್ತ ಹಗ್ಗ ಕಟ್ಟಿಸಿ ಎಲ್ಲರನ್ನೂ ಊಟಕ್ಕೆ ಕಳಿಸಿದೆ.

ವಾಪಸ್ ಬಂದರು. ಹಗ್ಗ ಬಿಚ್ಚಿದೆ. ರಾಡ್ ಕೈಯಲ್ಲೇ ಇತ್ತು — ಸಾಹೇಬರು ಕೈ ಚಾಚಿದರೆ ತಡೆಯುತ್ತಿದ್ದೆ. ಅದು ಅವರಿಗೇನು ಗೊತ್ತು.

"ಸತ್ತಿದೆಯಲ್ಲ ಸರ್. ಒಂದ್ಸಲ ಮುಟ್ಟಿ."

ಸಾಹೇಬರ ಕೈ ಕೋಟಿನ ಜೇಬು ಬಿಟ್ಟು ಹೊರಗೆ ಬರಲಿಲ್ಲ. ಡ್ರೈವರ್ ಹೇಳಿದ್ದನ್ನು ಕೇಳಿದ್ದ ಕಮಿಟಿಯವರೆಲ್ಲ ಆ ಜೇಬನ್ನೇ ನೋಡುತ್ತಿದ್ದರು.

"ಮುಟ್ಟಿ ಸರ್. ನಮ್ಮ ಭಾವ ಮುಟ್ಟಿದ್ರಲ್ಲ. ನೀವೂ —"

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು.