ಎದುರೊಪ್ಪದ ದಿನ ನಾನು ತಲೆಯಾಡಿಸಿದ್ದು

ಕೆಳಗಿನ ಓಣಿ, ಹಿರೇಕಣಗಿ
ಹದಿಮೂರನೆಯ ತಿಂಗಳು, ಬಿಸಿಲುಮಾಸದ ಹನ್ನೊಂದು, ಇಸವಿ 2318

ಹೆಸರು ತಿಳಿಯದ ಗುರುಗಳಿಗೆ,

ಈ ತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಬೇಸಿಗೆ ಬೆಳೆದು ಬೆಳೆದು ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೋದಾಗ ನಮ್ಮ ಹಿರಿಯರು ಇದೊಂದನ್ನು ಸೇರಿಸಿಕೊಂಡರು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ವಾಕ್ಯ ಕಟ್ಟುವುದು, ವಾದ ಹೂಡುವುದು, ಕೇಳುವವರ ಮನಸ್ಸು ಒಲಿಸುವುದು ಹೇಗೆಂದು ಶತಮಾನಗಳ ಹಿಂದೆ ಶಾಲೆಯ ಮಕ್ಕಳಿಗಾಗಿ ನೀವು ಬರೆದ ಪುಸ್ತಕದ ಒಂದು ಪ್ರತಿ ನಮ್ಮಲ್ಲಿ ಉಳಿದಿದೆ. ಹೊದಿಕೆ ಹರಿದಿರುವುದರಿಂದ ನಿಮ್ಮ ಹೆಸರು ಗೊತ್ತಿಲ್ಲ. ಅದನ್ನೇ ಮೂವತ್ತೆರಡು ವರ್ಷ ಪಾಠ ಮಾಡಿದವಳು ನಾನು, ಬಸಲಿಂಗವ್ವ. ಈಗ ಅದರ ಮೇಲೆ ನನಗೆ ವಿಪರೀತ ಸಿಟ್ಟು ಬಂದಿದೆ. ಆ ಸಿಟ್ಟನ್ನು ಹೇಳಿಕೊಳ್ಳಲು ನಿಮ್ಮನ್ನು ಬಿಟ್ಟರೆ ಯಾರೂ ಇಲ್ಲ.

ನಮ್ಮ ಊರಿನಲ್ಲಿ ಕೋರ್ಟು ಕಚೇರಿ ಇಲ್ಲ. ತಕರಾರುಗಳೆಲ್ಲ ಮಾತಿನಕಟ್ಟೆಗೆ ಬರುತ್ತವೆ. ಅಲ್ಲಿ ಏಳು ಜನ ಕೇಳುಗರು ಕೂರುತ್ತಾರೆ. ಅವರ ತೀರ್ಪೇ ಕಡೆಯದು. ಆದರೆ ತನ್ನ ವಾದವನ್ನು ತಾನೇ ಮಂಡಿಸುವ ರೂಢಿ ನಮ್ಮಲ್ಲಿಲ್ಲ. ನನ್ನ ವಾದವನ್ನು ನನ್ನ ಎದುರಾಳಿ ಹೇಳಬೇಕು, ಅವಳದನ್ನು ನಾನು ಹೇಳಬೇಕು. ಇದಕ್ಕೆ ಎದುರೊಪ್ಪ ಎನ್ನುತ್ತೇವೆ. ಅದಕ್ಕೂ ಮೊದಲು ಮೂರು ದಿನ ಇಬ್ಬರೂ ಒಂದೇ ಮನೆಯಲ್ಲಿ ಉಂಡು, ಕೂತು, ನಮ್ಮ ನಮ್ಮ ಅನುಮಾನಗಳ ಸಮೇತ ಎಲ್ಲವನ್ನೂ ಬಿಚ್ಚಿ ಹೇಳಬೇಕು. ಕಟ್ಟೆಯಲ್ಲಿ ಅವಳು ಹೇಳಿದ್ದಕ್ಕೆ ನಾನು ತಲೆಯಾಡಿಸಿದರೆ ಅದೇ ನನ್ನ ವಾದವೆಂದು ಲೆಕ್ಕ, ಆಮೇಲೆ ಒಂದಕ್ಷರವನ್ನೂ ತಿದ್ದುವಂತಿಲ್ಲ. ಖಂಡನೆ ಶುರುವಾಗುವುದು ಆ ನಂತರ. ಎದುರಿನವರ ಮಾತನ್ನು ತಮ್ಮ ಬಾಯಿಂದ ಆಡಿದವರು ಅವರಿಗೆ ಕೇಡು ಬಗೆಯಲಾರರು ಎಂದು ನಂಬಿ ನೂರು ವರ್ಷ ಬಾಳಿದ್ದೇವೆ. ನಮ್ಮಂಥ ಪೆದ್ದರು ಬೇರೆಲ್ಲೂ ಇರಲಿಕ್ಕಿಲ್ಲ.

ಈ ಸಲದ ತಕರಾರು ದೊಡ್ಡದು. ಸೂರ್ಯನ ಶಕ್ತಿ ಹಿಡಿಯುವ ಹಲಗೆಗಳ ಬಯಲಿಗೆ ನಾವು ಬಿಸಿಲುಹೊಲ ಎನ್ನುತ್ತೇವೆ. ಅದಕ್ಕೆ ಜಾಗ ಸಾಲದೆ ಮೇಲಿನ ಓಣಿ ಇಲ್ಲವೇ ನಮ್ಮ ಓಣಿ ಖಾಲಿಯಾಗಬೇಕಿತ್ತು. ಯಾರ ಬಾವಿಯನ್ನು ನೆಚ್ಚಲು ಬರುವುದಿಲ್ಲವೋ ಅವರು ಮನೆ ಬಿಟ್ಟು ಏಳಬೇಕೆಂದು ನಿಶ್ಚಯವಾಯಿತು. ನಮ್ಮ ಪರ ನಾನು, ಅವರ ಪರ ನೀಲಗಂಗಾ. ಒಂಬತ್ತರ ವಯಸ್ಸಿನಿಂದ ನನ್ನ ಮುಂದೆ ಕೂತು ನಿಮ್ಮ ಪುಸ್ತಕ ಕಲಿತವಳು. ನನ್ನ ಶಿಷ್ಯರಲ್ಲಿ ಅವಳಷ್ಟು ಚುರುಕಾದವರು ಇನ್ನೊಬ್ಬರಿಲ್ಲ. ಎದುರಾಳಿ ಅವಳೆಂದು ತಿಳಿದಾಗ ನನಗೆ ಸಂತೋಷವೇ ಆಗಿತ್ತು, ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಮೂರು ದಿನ ನಮ್ಮ ಮನೆಯಲ್ಲಿದ್ದಳು. ರೊಟ್ಟಿ ನಾನೇ ಬಡಿದೆ, ಅವಳಿಗೆ ಸೇರುವ ಪುಂಡಿಪಲ್ಯ ಮಾಡಿದೆ. ಮಧ್ಯಾಹ್ನದ ಉರಿಗೆ ಒದ್ದೆ ಚಾಪೆ ಇಳಿಬಿಟ್ಟು ಅದರ ನೆರಳಲ್ಲಿ ಕೂತು ಎಲ್ಲವನ್ನೂ ಹೇಳಿದೆ. ನಮ್ಮ ಬಾವಿ ಬಹುಪಾಲು ಬೇಸಿಗೆಗಳಲ್ಲಿ ಬತ್ತದೆ ತಡೆದಿದೆ, ಹನ್ನೊಂದು ವರ್ಷದ ಹಿಂದೆ ಮಾತ್ರ ಹತ್ತೊಂಬತ್ತು ದಿನ ಬತ್ತಿತ್ತು, ಆಗ ಮೇಲಿನ ಓಣಿಯವರೇ ನೀರು ಕೊಟ್ಟಿದ್ದರು ಎಂದೆ. ಅವಳು ತಲೆ ತಗ್ಗಿಸಿ ಬರೆದುಕೊಂಡಳು.

ಕಟ್ಟೆಯಲ್ಲಿ ಅವಳ ವಾದವನ್ನು ಮೊದಲು ನಾನು ಹೇಳಿದೆ. ಗುಲಗಂಜಿಯಷ್ಟೂ ಹೆಚ್ಚು ಕಡಿಮೆ ಮಾಡಲಿಲ್ಲ. ಆಮೇಲೆ ಅವಳು ಎದ್ದಳು. "ನಮ್ಮ ಅಕ್ಕೋರ ಓಣಿ ಬಾವಿ ತವರುಮನಿ ಇದ್ದಂಗ ಐತ್ರಿ. ಬಂದ ಹೆಣ್ಮಕ್ಕಳನ್ನ ಯಾವ ಬ್ಯಾಸಿಗ್ಯಾಗೂ ಖಾಲಿ ಕೊಡ ಹೊರಿಸಿ ಕಳಿಸಿಲ್ರಿ ಅದು" ಎಂದಳು. ನಮ್ಮ ಓಣಿಯ ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮೊದಲು ಮನಸ್ಸು ಕರಗಿಸಿ, ಆಮೇಲೆ ಕಾರಣ ಹೇಳಿ ಎಂಬುದು ನಿಮ್ಮ ಆರನೆಯ ಪಾಠ. ಅವಳಿಗೆ ಅದನ್ನು ಕಲಿಸಿದವಳು ನಾನೇ. ಆದರೂ ಕರಗಿಹೋದೆ. ನಮ್ಮ ಬಾವಿಯನ್ನು ಅಷ್ಟು ಚೆಂದಾಗಿ ಯಾರೂ ಹೊಗಳಿರಲಿಲ್ಲ. ಹೆಮ್ಮೆಯಿಂದ ತಲೆಯಾಡಿಸಿದೆ.

ನೀಲಗಂಗಾ ಕೂರಲಿಲ್ಲ. "ಯಾವ ಬ್ಯಾಸಿಗ್ಯಾಗೂ ಅನ್ನೂದನ್ನ ಈಗ ಅಕ್ಕೋರು ಒಪ್ಯಾರ. ಹಂಗಾರ ಹನ್ನೊಂದ ವರ್ಷದ ಹಿಂದ ಹತ್ತೊಂಬತ್ತ ದಿನ ನಮ್ಮ ಬಾವಿಗೆ ಬಂದವ್ರು ಯಾರ್ರಿ?" ಎಂದಳು. ಕೇಳುಗರು ನನ್ನ ಕಡೆ ತಿರುಗಿದರು. ನಾನು ಹೇಳದ ಮಾತು ನನ್ನ ಕೊರಳಿಗೆ ಬಿದ್ದಿತ್ತು. ಒಂದು ಸುಳ್ಳು ಸಿಕ್ಕ ಮೇಲೆ ನನ್ನ ಉಳಿದ ಕಾರಣಗಳನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಲವತ್ತೊಂದು ಮನೆಗಳು ತಿಂಗಳ ಕೊನೆಗೆ ಖಾಲಿಯಾಗಬೇಕೆಂದು ತೀರ್ಪಾಯಿತು. ಹಳ್ಳಕ್ಕೆ ಬಿದ್ದವರಿಗೆ ಆಳಿಗೊಂದು ಕಲ್ಲು ಎಂಬಂತೆ ಈಗ ನಮ್ಮ ಓಣಿಯವರೂ ನನ್ನನ್ನೇ ಬೈಯುತ್ತಿದ್ದಾರೆ. ತಪ್ಪೇನೂ ಇಲ್ಲ, ತಲೆಯಾಡಿಸಿದವಳು ನಾನು.

ಮರುದಿನ ಅವಳು ಬಾಗಿಲಿಗೆ ಬಂದಳು. ಒಳಗೆ ಕರೆಯಲಿಲ್ಲ. "ನೀವು ಕಲಿಸಿದ್ದನ್ನ ಮಾಡೀನ್ರಿ ಅಕ್ಕೋರ. ಹಿಂಗ ಮಾಡಬಾರದಂತ ಪುಸ್ತಕದಾಗ ಎಲ್ಲಿ ಬರದಾರ, ತೋರಸ್ರಿ" ಎಂದಳು. ಅವಳು ಹೋದ ಮೇಲೆ ಮೊದಲ ಪುಟದಿಂದ ಕೊನೆಯವರೆಗೂ ಹುಡುಕಿದೆ. ಕರ್ತೃ, ಕರ್ಮ, ಕ್ರಿಯಾಪದ, ಉಪಮೆ, ಉದಾಹರಣೆ, ಎದುರುವಾದಕ್ಕೆ ಉತ್ತರ, ಎಲ್ಲವೂ ಇದೆ. ಎದುರಿನವರ ಮಾತನ್ನು ಉಬ್ಬಿಸಿ ಆಮೇಲೆ ಒಡೆಯುವುದು ಮೋಸ ಎಂದು ಒಂದು ಸಾಲೂ ಇಲ್ಲ. ನೀವು ಬರೆದಿರಲಿಲ್ಲ, ನಾನೂ ಕಲಿಸಿರಲಿಲ್ಲ. ಅವಳ ಮೇಲಿರುವಷ್ಟೇ ಸಿಟ್ಟು ನನಗೆ ನಿಮ್ಮ ಮೇಲೂ ಇದೆ.

ಈ ಪತ್ರ ಹೇಗಾದರೂ ನಿಮ್ಮ ಕಾಲಕ್ಕೆ ಮುಟ್ಟಿ, ನೀವಿನ್ನೂ ಬರೆಯುತ್ತಿದ್ದರೆ ಆ ಒಂದು ಸಾಲನ್ನು ಸೇರಿಸಿ, ಮೊದಲ ಪಾಠದಲ್ಲೇ ಸೇರಿಸಿ. ಅದಕ್ಕೆ ಮನಸ್ಸಿಲ್ಲವಾದರೆ ಪುಸ್ತಕವನ್ನೇ ಬರೆಯಬೇಡಿ. ನಾವು ತೊದಲುತ್ತಾ, ಬೈದಾಡುತ್ತಾ, ಕೊಡಕ್ಕೆ ಕೊಡ ಕುಟ್ಟುತ್ತಾ ಜಗಳ ಬಗೆಹರಿಸಿಕೊಳ್ಳುತ್ತೇವೆ. ಆಗಲಾದರೂ ನಮ್ಮ ನಮ್ಮ ಮನೆಗಳಲ್ಲಿ ಇರುತ್ತೇವೆ.

ಬಸಲಿಂಗವ್ವ